ಮೊಳಕಾಲ್ಮೂರು–ಚಳ್ಳಕೆರೆ ಸೀಮೆಯ ಜನಸಂಖ್ಯಾ ಪರಿವರ್ತನೆ

ಒಂದು ಸೀಮೆಯಲ್ಲಿ ಹುಟ್ಟುವವರು, ಸಾಯುವವರು, ಬಂದು ನೆಲೆಸುವವರು, ಊರು ಬಿಟ್ಟು ಹೋಗುವವರು, ಈ ನಾಲ್ವರ ಲೆಕ್ಕ ಏರುಪೇರಾದಂತೆ ಅಲ್ಲಿನ ಜನರ ಒಟ್ಟು ಸಂಖ್ಯೆ, ವಯಸ್ಸಿನ ಹಂಚಿಕೆ, ಮನೆಯ ಗಾತ್ರ ಎಲ್ಲವೂ ಬದಲಾಗುತ್ತವೆ. ಹೆಚ್ಚು ಜನನ, ಹೆಚ್ಚು ಮರಣದ ಸ್ಥಿತಿಯಿಂದ ಕಡಿಮೆ ಜನನ, ಕಡಿಮೆ ಮರಣದ ಸ್ಥಿತಿಗೆ ಸಮಾಜ ಸಾಗುವುದನ್ನು ಜನಸಂಖ್ಯಾ ಪರಿವರ್ತನೆ ಎನ್ನುತ್ತಾರೆ. ಯುರೋಪು ಈ ದಾರಿಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಸವೆಸಿತು. ಕರ್ನಾಟಕ ಅದನ್ನು ಸುಮಾರು ಎರಡು ತಲೆಮಾರುಗಳಲ್ಲಿ ಮುಗಿಸಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ಇದರ ಪರಿಣಾಮವನ್ನು ಹತ್ತಿರದಿಂದ ಕಾಣಬಹುದಾದ ಜಾಗ. ಮಳೆ ಕಡಿಮೆ, ಕಸುಬು ಹಳೆಯವು, ಗುಳೆ ಹೆಚ್ಚು. ಇಲ್ಲಿ ಎಷ್ಟು ಮಕ್ಕಳು ಹುಟ್ಟುತ್ತಾರೆ ಎಂಬುದಕ್ಕಿಂತ, ಹುಟ್ಟಿದವರಲ್ಲಿ ಯಾರು ಉಳಿಯುತ್ತಾರೆ, ಉಳಿದವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಮುಂದಿನ ದಶಕಗಳನ್ನು ನಿರ್ಧರಿಸಲಿದೆ.

ನೆಲ ಮತ್ತು ಜನ

ಈ ಎರಡು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿವೆ. ಒಂದು ಕಡೆ ಬಳ್ಳಾರಿ ಸೀಮೆ, ಇನ್ನೊಂದು ಕಡೆ ಆಂಧ್ರಪ್ರದೇಶದ ರಾಯದುರ್ಗ. ವೇದಾವತಿ ನದಿ ಚಳ್ಳಕೆರೆ ತಾಲ್ಲೂಕನ್ನು ಹಾದು ಆಂಧ್ರದ ಕಡೆ ಹರಿಯುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಊರೆಂದು ಶಾಲೆಯ ಭೂಗೋಳ ಪಾಠಗಳು ಹೆಸರಿಸುವ ನಾಯಕನಹಟ್ಟಿ ಇರುವುದೂ ಚಳ್ಳಕೆರೆ ತಾಲ್ಲೂಕಿನಲ್ಲೇ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಇವೆರಡನ್ನೂ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು.

ಒಣನೆಲವಾದರೂ ಇದು ಬಹಳ ಹಿಂದಿನಿಂದ ಜನವಸತಿ ಇದ್ದ ನಾಡು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಶಾಸನಗಳ ಕಾಲಕ್ಕಿಂತ ಹಿಂದಿನ ನೆಲೆಗಳೂ ಸಿಕ್ಕವು.

ಮ್ಯಾಸ ನಾಯಕರು, ಕಾಡುಗೊಲ್ಲರು, ಕುರುಬರು, ಲಂಬಾಣಿಗರು, ದಲಿತ ಸಮುದಾಯಗಳು, ಲಿಂಗಾಯತರು, ನೇಕಾರ ಪಂಗಡಗಳು ಇಲ್ಲಿನ ಮುಖ್ಯ ಜನವರ್ಗಗಳು. 2011ರ ಜನಗಣತಿಯಂತೆ ರಾಜ್ಯದ ಜನರಲ್ಲಿ ಪರಿಶಿಷ್ಟ ಪಂಗಡದವರು ಶೇ. 7ರಷ್ಟಿದ್ದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಶೇ. 18ರಷ್ಟು. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಗಡಿಯ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಹೆಣ್ಣು ಕೊಡುವುದು, ತರುವುದು ರಾಜ್ಯದ ಗಡಿ ನೋಡುವುದಿಲ್ಲ.

ಬರದ ಕಾಲದಿಂದ ಜನನ ನಿಯಂತ್ರಣದ ಕಾಲಕ್ಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಜನಸಂಖ್ಯೆಯನ್ನು ಅಳೆದು ಸುರಿದದ್ದು ಮಳೆ. 1871ರ ಮೊದಲ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ಮೀರಿದ್ದರು. 1876–78ರ ಧಾತು–ಈಶ್ವರ ಸಂವತ್ಸರಗಳ ಮಹಾಬರ ಬಂದುಹೋದ ಮೇಲೆ, 1881ರ ಗಣತಿಯಲ್ಲಿ ಆ ಸಂಖ್ಯೆ 42 ಲಕ್ಷಕ್ಕೆ ಕುಸಿದಿತ್ತು. ಚಿತ್ರದುರ್ಗದಂಥ ಒಣಸೀಮೆಗಳಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಆಮೇಲೆ ಪ್ಲೇಗು, 1918ರ ಇನ್‌ಫ್ಲುಯೆಂಜಾ ಬಂದವು. ಹತ್ತು ಹೆತ್ತರೆ ನಾಲ್ಕು ಉಳಿದಾವು ಎಂಬ ಲೆಕ್ಕದಲ್ಲಿ ಬದುಕಿದ ಆ ಕಾಲದವರಿಗೆ ಹೆಚ್ಚು ಮಕ್ಕಳು ದುಂದಲ್ಲ, ಭದ್ರತೆ.

ಬರಪರಿಹಾರ, ಸಿಡುಬಿನ ಲಸಿಕೆ, ರೈಲು, ಆಸ್ಪತ್ರೆ ಬಂದಂತೆ ಸಾವು ಇಳಿಯಿತು. ಜನನ ಮಾತ್ರ ಬಹಳ ಕಾಲ ಹಾಗೇ ಉಳಿಯಿತು. ಈ ಅಂತರದಲ್ಲೇ ಜನಸಂಖ್ಯೆ ಬೆಳೆಯಿತು. ಜನನ ನಿಯಂತ್ರಣದ ವಿಷಯದಲ್ಲಿ ಮೈಸೂರು ಸಂಸ್ಥಾನ ಜಗತ್ತಿಗಿಂತ ಮುಂದಿತ್ತು. 1930ರಲ್ಲೇ ಸರ್ಕಾರ ತಾನೇ ಮುಂದೆ ನಿಂತು ಗರ್ಭನಿರೋಧ ಸಲಹಾ ಕೇಂದ್ರಗಳನ್ನು ತೆರೆಯಿತು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನ 1961ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭವಾಯಿತು.

ಮಕ್ಕಳು ಕಡಿಮೆಯಾದದ್ದು ಹೇಗೆ

ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಹೆರುವ ಮಕ್ಕಳ ಸರಾಸರಿಯನ್ನು ಒಟ್ಟು ಫಲವಂತಿಕೆ ದರ ಎನ್ನುತ್ತಾರೆ. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಬೇಕಾದರೆ ಈ ದರ 2.1ರ ಸುತ್ತ ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 1992–93ರಲ್ಲಿ ಇದು 2.9ರ ಹತ್ತಿರವಿತ್ತು, 2005–06ರ ಹೊತ್ತಿಗೆ 2.1ಕ್ಕೆ, 2019–21ರಲ್ಲಿ 1.7ಕ್ಕೆ ಇಳಿಯಿತು.

ಓದು ಮತ್ತು ಸಂಪತ್ತು ಬಂದ ಮೇಲೆ ಮಕ್ಕಳು ಕಡಿಮೆಯಾಗುತ್ತಾರೆ ಎಂಬುದು ಸಾಮಾನ್ಯ ವಿವರಣೆ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಆದದ್ದು ಬೇರೆ ಥರ ಎಂದು ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ 1979ರ ನಂತರ ನಡೆಸಿದ ಅಧ್ಯಯನಗಳು ತೋರಿಸಿದವು. 1980–83ರ ಬರವನ್ನು ಹತ್ತಿರದಿಂದ ನೋಡಿದ ಅವರ ಬರಹದ ಪ್ರಕಾರ, ಮತ್ತೆ ಮತ್ತೆ ಬರುವ ಬರದ ಭಯವೇ ಸಣ್ಣ ಸಂಸಾರದ ಕಡೆ ಜನರನ್ನು ತಿರುಗಿಸಿದ ಕಾರಣಗಳಲ್ಲೊಂದು. ಹೊಲ ಕೈಕೊಟ್ಟಾಗ ಹೊಲದಲ್ಲೇ ದುಡಿಯುವ ಆರು ಮಕ್ಕಳಿಗಿಂತ, ಓದಿ ಹೊರಗೆ ಸಂಬಳ ತರುವ ಒಬ್ಬ ಮಗ ಮನೆ ಉಳಿಸುತ್ತಾನೆ ಎಂಬ ಲೆಕ್ಕ ಅದು. ಓದಿಸುವುದಕ್ಕೆ ಖರ್ಚಿದೆ, ಖರ್ಚು ಭರಿಸಬೇಕಾದರೆ ಮಕ್ಕಳು ಕಡಿಮೆ ಇರಬೇಕು. ಮೊಳಕಾಲ್ಮೂರಿನಂಥ ಬರಪೀಡಿತ ಸೀಮೆಯನ್ನು ಅರ್ಥ ಮಾಡಿಕೊಳ್ಳಲು ಈ ವಿವರಣೆ ಬಹಳ ಹತ್ತಿರದ್ದು.

ಈ ಇಳಿಕೆಯ ಭಾರ ಹೊತ್ತವರು ಹೆಂಗಸರು. 2019–21ರ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮದುವೆಯ ವಯಸ್ಸು ಏರದೆ ಮಕ್ಕಳ ಸಂಖ್ಯೆ ಮಾತ್ರ ಇಳಿದರೆ ಆಗುವುದು ಇಷ್ಟು: ಹದಿನೇಳಕ್ಕೆ ಮದುವೆ, ಇಪ್ಪತ್ತೆರಡಕ್ಕೆ ಎರಡು ಹೆರಿಗೆ, ಅದರ ಹಿಂದೆಯೇ ಆಪರೇಷನ್, ಮಗಳಿಗೂ ಅದೇ ವಯಸ್ಸಿಗೆ ಮದುವೆ ಮಾಡಿದರೆ ನಲವತ್ತರೊಳಗೇ ಅಜ್ಜಿ. ಹೆರುವ ಕೆಲಸ ಬೇಗ ಮುಗಿದರೂ ಓದು ಅರ್ಧಕ್ಕೇ ನಿಂತಿರುವುದರಿಂದ, ಮುಂದಿನ ಮೂವತ್ತು–ನಲವತ್ತು ವರ್ಷದ ದುಡಿಮೆ ಕೂಲಿಯಲ್ಲೇ ಕಳೆಯುತ್ತದೆ. ಹುಡುಗಿಯರು ಇನ್ನೂ ನಾಲ್ಕು ವರ್ಷ ಹೆಚ್ಚು ಓದಿದರೆ ಸೀಮೆಯ ಆದಾಯ, ಆರೋಗ್ಯ ಎರಡೂ ಬದಲಾಗುತ್ತವೆ ಎನ್ನಲು ಇದೇ ಕಾರಣ.

ವಯಸ್ಸಾಗುತ್ತಿರುವ ಸೀಮೆ

ಫಲವಂತಿಕೆ 2.1ಕ್ಕಿಂತ ಕೆಳಗಿಳಿದ ಮೇಲೂ ಕೆಲವು ದಶಕ ಜನಸಂಖ್ಯೆ ಬೆಳೆಯುತ್ತಲೇ ಇರುತ್ತದೆ. ಮಕ್ಕಳು ಹೆಚ್ಚು ಹುಟ್ಟಿದ ಕಾಲದಲ್ಲಿ ಬಂದವರು ಈಗ ತಾಯ್ತಂದೆಯರಾಗುವ ವಯಸ್ಸಿನಲ್ಲಿ ಇರುವುದೇ ಇದಕ್ಕೆ ಕಾರಣ. ಆ ದೊಡ್ಡ ತಲೆಮಾರು ದುಡಿಯುವ ವಯಸ್ಸಿನಲ್ಲಿರುವಷ್ಟು ಕಾಲ ಸಮಾಜಕ್ಕೆ ಒಂದು ಅನುಕೂಲ: ದುಡಿಯುವವರು ಹೆಚ್ಚು, ಅವಲಂಬಿತರು ಕಡಿಮೆ. ಅದೇ ತಲೆಮಾರು ಮುಪ್ಪಿಗೆ ಕಾಲಿಟ್ಟಾಗ ಅನುಕೂಲ ತಿರುಗುತ್ತದೆ.

2011ರಲ್ಲಿ ಕರ್ನಾಟಕದಲ್ಲಿ 60 ದಾಟಿದವರು ಶೇ. 9.5ರಷ್ಟಿದ್ದರು. ಜನಸಂಖ್ಯಾ ಮುನ್ನಂದಾಜಿನ ಕೇಂದ್ರ ತಾಂತ್ರಿಕ ತಂಡದ ಪ್ರಕಾರ 2031ಕ್ಕೆ ಇದು ಶೇ. 15ರ ಹತ್ತಿರ ಬರಲಿದೆ, ಕೇರಳದಲ್ಲಿ ಶೇ. 20 ದಾಟಲಿದೆ. ರಾಜ್ಯದ ಸರಾಸರಿಗಿಂತ ಹಳ್ಳಿಗಳ ಚಿತ್ರ ಗಂಭೀರ. ದುಡಿಯುವ ವಯಸ್ಸಿನವರು ಪಟ್ಟಣ ಸೇರಿದಾಗ ಅವರ ವಯಸ್ಸು ಪಟ್ಟಣದ ಲೆಕ್ಕಕ್ಕೆ ಸೇರುತ್ತದೆ. ಅವರ ತಾಯ್ತಂದೆಯರ ವಯಸ್ಸು ಹಳ್ಳಿಯ ಲೆಕ್ಕದಲ್ಲೇ ಉಳಿಯುತ್ತದೆ. ಗಂಡಂದಿರಿಗಿಂತ ಹೆಂಡಂದಿರು ಹೆಚ್ಚು ವರ್ಷ ಬದುಕುವುದರಿಂದ, ಮದುವೆಯಲ್ಲಿ ವಯಸ್ಸಿನ ಅಂತರವೂ ಇರುವುದರಿಂದ, ಹಳ್ಳಿಯ ಮುಪ್ಪು ಬಹುಮಟ್ಟಿಗೆ ಒಂಟಿ ಹೆಂಗಸಿನ ಮುಪ್ಪು. ಜಮೀನು ಅವಳ ಹೆಸರಿನಲ್ಲಿ ಇರುವುದು ಅಪರೂಪ.

ಮುಪ್ಪಾಗುತ್ತಿರುವ ಜಪಾನ್, ಕೊರಿಯಾಗಳಿಗೂ ಈ ಸೀಮೆಗೂ ಒಂದು ವ್ಯತ್ಯಾಸವಿದೆ. ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ ಶಿಖರ ಮುಟ್ಟಿ ಇಳಿಯತೊಡಗಿತು. ದಕ್ಷಿಣ ಕೊರಿಯಾದ ಫಲವಂತಿಕೆ ದರ 2023ರಲ್ಲಿ 0.72ಕ್ಕೆ ಬಂತು. ಆದರೂ ಆ ದೇಶಗಳು ಮೊದಲು ಶ್ರೀಮಂತವಾಗಿ ಆಮೇಲೆ ಮುದಿಯಾದವು. ಪಿಂಚಣಿ, ವಿಮೆ, ಆಸ್ಪತ್ರೆಗಳ ವ್ಯವಸ್ಥೆ ಅಲ್ಲಿ ಮುಪ್ಪಿಗಿಂತ ಮುಂಚೆ ಬಂತು. ಮೊಳಕಾಲ್ಮೂರಿನಲ್ಲಿ ಮುಪ್ಪು ಮೊದಲು ಬರುತ್ತಿದೆ. ಕರ್ನಾಟಕ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಡಿ 2021ರ ನಂತರ ಸಿಗುವುದು ತಿಂಗಳಿಗೆ 1,200 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು 200 ರೂಪಾಯಿಗೇ ಹಲವು ವರ್ಷಗಳಿಂದ ನಿಂತಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ, ಮಂಡಿನೋವಿನ ಔಷಧ, ಆಸ್ಪತ್ರೆಗೆ ಹೋಗಿಬರುವ ಖರ್ಚು ಈ ಹಣದಲ್ಲಿ ಪೂರೈಸುವುದಿಲ್ಲ.

ಗುಳೆ

ಚಿತ್ರದುರ್ಗ ಜಿಲ್ಲೆಯ ಜನ 2001ರಲ್ಲಿ 15.18 ಲಕ್ಷ, 2011ರಲ್ಲಿ 16.59 ಲಕ್ಷ. ಹತ್ತು ವರ್ಷದ ಬೆಳವಣಿಗೆ ಶೇ. 9ರ ಸುಮಾರು. ಅದೇ ಅವಧಿಯಲ್ಲಿ ರಾಜ್ಯ ಶೇ. 15.6, ಬೆಂಗಳೂರು ನಗರ ಜಿಲ್ಲೆ ಶೇ. 47 ಬೆಳೆದವು. ಜಿಲ್ಲೆಯ ಜನನ ಪ್ರಮಾಣ ರಾಜ್ಯಕ್ಕಿಂತ ಅಷ್ಟೇನೂ ಕಡಿಮೆ ಇಲ್ಲದಿದ್ದರೂ ಬೆಳವಣಿಗೆ ಇಷ್ಟು ಹಿಂದೆ ಬಿದ್ದದ್ದಕ್ಕೆ ಊರು ಬಿಟ್ಟು ಹೋದವರ ಸಂಖ್ಯೆ ದೊಡ್ಡ ಕಾರಣ.

ಗುಳೆಯಲ್ಲಿ ಎರಡು ಬಗೆ. ಒಂದು ಋತುಮಾನದ್ದು: ಶೇಂಗಾ ಕಿತ್ತು ಮುಗಿದ ಮೇಲೆ, ಇಲ್ಲವೇ ಮಳೆ ಕೈಕೊಟ್ಟ ಕೂಡಲೇ, ಗಂಡ ಹೆಂಡತಿ ಇಬ್ಬರೂ ಮೇಸ್ತ್ರಿಯಿಂದ ಮುಂಗಡ ಪಡೆದು ಬೆಂಗಳೂರಿನ ಗಾರೆ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋಗುತ್ತಾರೆ, ಯುಗಾದಿಗೆ, ಊರಮ್ಮನ ಜಾತ್ರೆಗೆ ವಾಪಸು ಬರುತ್ತಾರೆ. ಇನ್ನೊಂದು ಶಾಶ್ವತವಾದದ್ದು: ಪಿಯುಸಿ, ಐಟಿಐ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಗಾರ್ಮೆಂಟ್ಸಿಗೆ, ಕಾರ್ಖಾನೆಗೆ, ಡೆಲಿವರಿ ಕೆಲಸಕ್ಕೆ, ಸಾಫ್ಟ್‌ವೇರಿಗೆ ಹೋಗಿ ಅಲ್ಲೇ ಸಂಸಾರ ಹೂಡುವುದು.

ಋತುಮಾನದ ಗುಳೆಗೆ ಹೋದ ಮನೆಯನ್ನು ನೋಡಿದರೆ ಪರಿಣಾಮ ಸ್ಪಷ್ಟ. ಮನೆಯಲ್ಲಿ ಅರವತ್ತು ದಾಟಿದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು, ಕಟ್ಟಿ ಹಾಕಿದ ಎರಡು ಮೇಕೆ. ಪಡಿತರ ತರುವುದು, ಬೆರಳಚ್ಚು ಕೊಡುವುದು, ಮೇಕೆಗೆ ಸೊಪ್ಪು ಕಡಿಯುವುದು, ನೀರು ಬಿಟ್ಟಾಗ ಕೊಡ ತುಂಬುವುದು, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವುದು ಎಲ್ಲವೂ ಆ ಅಜ್ಜಿಯ ಪಾಲು. ಫೋನಿನಲ್ಲಿ ಬರುವ ಹಣವೇ ಮಗನ ಹಾಜರಿ. ಅಜ್ಜಿ ಮಲಗಿದ ದಿನ ಹಿರಿಯ ಮೊಮ್ಮಗಳ ಶಾಲೆ ನಿಲ್ಲುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋದ ಮನೆಯಾದರೆ ಶಾಲೆ ನಿಲ್ಲುವುದು ಇನ್ನೂ ಬೇಗ.

2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲ ಹಂತದಲ್ಲೇ ಆರಂಭವಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಊರಲ್ಲೇ ಕೂಲಿ ಸಿಕ್ಕಾಗ ವಯಸ್ಸಾದವರಿಗೂ ಹೆಂಗಸರಿಗೂ ಆಸರೆಯಾಯಿತು. ಪಟ್ಟಣದ ಕೂಲಿ ಹೆಚ್ಚಿರುವುದರಿಂದ ಹರೆಯದವರ ಗುಳೆಯನ್ನು ಅದು ಪೂರ್ತಿ ತಡೆಯಲಿಲ್ಲ.

ಕಸುಬುಗಳ ಮೇಲೆ

ಜನಸಂಖ್ಯೆಯ ಬದಲಾವಣೆ ಕಸುಬಿನೊಳಗೆ ಹೊಕ್ಕುವ ಬಗೆಯನ್ನು ಮೊಳಕಾಲ್ಮೂರು ರೇಷ್ಮೆ ಸೀರೆ ಚೆನ್ನಾಗಿ ತೋರಿಸುತ್ತದೆ. ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕೈಮಗ್ಗವನ್ನು ನಡೆಸುವುದು ಒಬ್ಬ ನೇಕಾರನೆಂದು ಲೆಕ್ಕದಲ್ಲಿ ಬರೆದರೂ ಅಸಲಿಗೆ ಅದನ್ನು ನಡೆಸುವುದು ಒಂದು ಮನೆ. ಅಜ್ಜಿ ಅಂಗಳದಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಹಾಸು ಹೂಡುವ ದಿನ ಮನೆಯವರೆಲ್ಲ ಕೈ ಹಾಕಬೇಕು. ಸೀರೆಯ ಮೈಗೊಂದು ಬಣ್ಣ, ದೊಡ್ಡ ಅಂಚಿಗೆ ಇನ್ನೊಂದು ಬಣ್ಣ ಬರಬೇಕಾದರೆ ಅಂಚಿನ ಲಾಳಿ ಹಾಯಿಸಲು ನೇಕಾರನ ಪಕ್ಕ ಇನ್ನೊಬ್ಬರು ಬೇಕು. ಹಿಂದೆ ಆ ಜಾಗದಲ್ಲಿ ತಮ್ಮನೋ ಮಗನೋ ಕೂರುತ್ತಿದ್ದ. ಕೂತು ಕೂತೇ ಕಸುಬು ಕಲಿಯುತ್ತಿದ್ದ. ಇಬ್ಬರು ಮಕ್ಕಳ ಮನೆಯಲ್ಲಿ ಒಬ್ಬಳು ಕಾಲೇಜಿಗೆ, ಒಬ್ಬ ಬೆಂಗಳೂರಿಗೆ ಹೋದರೆ ಆ ಜಾಗ ಖಾಲಿ. ಮಕ್ಕಳು ಮಗ್ಗದ ಪಕ್ಕ ಕೂರದೆ ಶಾಲೆಯಲ್ಲಿ ಕೂತದ್ದು ಒಳ್ಳೆಯದೇ. ಹಾಗಾದಾಗ ಆ ಸಹಾಯಕನ ಕೆಲಸಕ್ಕೆ ಕೂಲಿ ಕೊಡಬೇಕಾಗುತ್ತದೆ, ಸೀರೆಯ ಬೆಲೆ ಏರುತ್ತದೆ, ವಿದ್ಯುತ್ ಮಗ್ಗದ ಅಗ್ಗದ ಸೀರೆ ಎದುರಿಗೆ ನಿಲ್ಲುತ್ತದೆ. ಮನೆಮಂದಿಯ ಬಿಟ್ಟಿ ದುಡಿಮೆಯ ಮೇಲೆ ನಿಂತಿದ್ದ ಕಸುಬಿಗೆ ಸರಿಯಾದ ಕೂಲಿ ಕೊಟ್ಟು ಉಳಿಸಿಕೊಳ್ಳುವ ದಾರಿ ಹುಡುಕದಿದ್ದರೆ, ಮಾನ್ಯತೆಯ ಪತ್ರ ಉಳಿದು ನೇಕಾರರು ಇಲ್ಲವಾಗುತ್ತಾರೆ.

ಕುರಿ ಸಾಕಣೆಗೂ ಇದೇ ಕಥೆ. ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಹಿಂಡಿನ ಹಿಂದೆ ನಡೆಯಲು, ರಾತ್ರಿ ಹೊಲದಲ್ಲಿ ರೊಪ್ಪ ಕಾಯಲು ಗಟ್ಟಿ ಕಾಲಿನವರು ಬೇಕು. ಚಳ್ಳಕೆರೆಯ ಹೆಸರುವಾಸಿ ಕಂಬಳಿ ಈ ಹಿಂಡುಗಳ ಉಣ್ಣೆಯನ್ನೂ ಅದನ್ನು ನೂಲುವ ಮನೆಯ ಹೆಂಗಸರ ಕೈಯನ್ನೂ ನಂಬಿದೆ. ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಮಕ್ಕಳು ಓದಿ ಬೇರೆ ಕೆಲಸ ಹಿಡಿದಾಗ, ಎತ್ತಿನ ಜೊತೆಗೆ ಆ ಹಟ್ಟಿಯ ಹಾಡು, ಕಥನ, ಆಚರಣೆಗಳನ್ನು ಮುಂದಕ್ಕೆ ಒಯ್ಯುವವರೂ ಕಡಿಮೆಯಾಗುತ್ತಾರೆ.

ಎಣ್ಣೆ ಗಿರಣಿಗಳಿಂದ ಎಣ್ಣೆನಗರಿ ಎನಿಸಿಕೊಂಡ ಚಳ್ಳಕೆರೆ ಶೇಂಗಾ ಬೆಳೆಯ ಮೇಲೆ ಬೆಳೆದ ಪಟ್ಟಣ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಗಿರಣಿಗಳ ಲಾಭ ಕುಗ್ಗಿತು. ಶೇಂಗಾ ಬಿತ್ತಲು, ಕೀಳಲು, ಕಾಯಿ ಬಿಡಿಸಲು ಒಟ್ಟಿಗೇ ಬಹಳ ಕೈ ಬೇಕು. ಆ ಕೈಗಳು ಕಡಿಮೆಯಾದಂತೆ ಯಂತ್ರಗಳು ಬರುತ್ತಿವೆ, ಹೊಲಗಳು ಬೀಳು ಬೀಳುತ್ತಿವೆ.

ಮದುವೆ ಮತ್ತು ಕುಟುಂಬ

ಸಣ್ಣ ಸಂಸಾರದಲ್ಲಿ ಹೆಣ್ಣುಮಕ್ಕಳ ಓದಿಗೆ ಹೆಚ್ಚು ಗಮನ ಸಿಗುತ್ತದೆ. ಓದಿದ ಹುಡುಗಿ ಒಣಬೇಸಾಯದ ಮನೆಗೆ ಹೋಗಲು ಒಪ್ಪುವುದು ಕಡಿಮೆ. ರೈತಾಪಿ ಹುಡುಗರಿಗೆ ಹೆಣ್ಣು ಸಿಗದ ಸಂಕಟ ರಾಜ್ಯದ ಗಮನಕ್ಕೆ ಬಂದದ್ದು 2023ರಲ್ಲಿ, ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ. ನೀರಾವರಿ ಜಿಲ್ಲೆಯಲ್ಲೇ ಹೀಗಾದರೆ ಕೊಳವೆಬಾವಿ ನಂಬಿದ ಸೀಮೆಯಲ್ಲಿ ಸಂಕಟ ಇನ್ನೂ ಆಳ. ಹೆಣ್ಣು ಭ್ರೂಣ ತೆಗೆಸಿಹಾಕುವ ಕೆಟ್ಟ ಚಾಳಿಯೂ ಇದಕ್ಕೆ ಸೇರಿಕೊಂಡಿದೆ. 2011ರಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948.

ಶಾಲೆ ಮತ್ತು ಆಸ್ಪತ್ರೆ

ಮಕ್ಕಳು ಕಡಿಮೆಯಾದಾಗ ಮೊದಲು ಖಾಲಿಯಾಗುವುದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ದಾಖಲಾತಿ ಇಳಿದರೆ ಶಿಕ್ಷಕರು ಕಡಿಮೆ, ಶಿಕ್ಷಕರು ಕಡಿಮೆಯಾದರೆ ಇದ್ದ ಮಕ್ಕಳೂ ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ. ಗೊಲ್ಲರಹಟ್ಟಿ, ತಾಂಡಾಗಳ ಸಣ್ಣ ಶಾಲೆಯನ್ನು ದೂರದ ಶಾಲೆಯೊಂದಿಗೆ ಸೇರಿಸಿದರೆ ಮೊದಲು ಶಾಲೆ ಬಿಡುವುದು ಹೆಣ್ಣುಮಕ್ಕಳು. ಮಕ್ಕಳು ಕಡಿಮೆ ಇರುವುದನ್ನು ಶಾಲೆ ಮುಚ್ಚುವ ನೆಪ ಮಾಡಿಕೊಳ್ಳದೆ, ಒಬ್ಬೊಬ್ಬ ಮಗುವಿಗೂ ಹೆಚ್ಚು ಗಮನ ಕೊಡುವ ಅವಕಾಶವಾಗಿ ಬಳಸಿಕೊಳ್ಳಬೇಕು. ಆಸ್ಪತ್ರೆಯ ಕೆಲಸವೂ ಬದಲಾಗುತ್ತದೆ: ಹೆರಿಗೆ, ಲಸಿಕೆಗಾಗಿ ಕಟ್ಟಿದ ಪ್ರಾಥಮಿಕ ಆರೋಗ್ಯ ಕೇಂದ್ರ ಇನ್ನು ದೀರ್ಘಕಾಲದ ಕಾಯಿಲೆ, ಕಣ್ಣಿನ ಪೊರೆ, ಮರೆವು, ಹಾಸಿಗೆ ಹಿಡಿದವರ ಆರೈಕೆಯನ್ನೂ ಹೊರಬೇಕು.

ಪ್ರಾತಿನಿಧ್ಯ

ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನಗಳನ್ನು 1971ರ ಜನಗಣತಿಯ ಆಧಾರದಲ್ಲಿ ಹಂಚಿ, ಸಂವಿಧಾನದ 42ನೇ ಮತ್ತು 84ನೇ ತಿದ್ದುಪಡಿಗಳ ಮೂಲಕ 2026ರ ನಂತರದ ಮೊದಲ ಗಣತಿಯವರೆಗೆ ಹಾಗೇ ನಿಲ್ಲಿಸಲಾಯಿತು. ಜನನ ಬೇಗ ಇಳಿಸಿದ ದಕ್ಷಿಣದ ರಾಜ್ಯಗಳಿಗೆ ಸ್ಥಾನ ಕಡಿಮೆಯಾಗುವ ಆತಂಕ ಇಲ್ಲಿಂದಲೇ. ಗಡಿಯಾಚೆಯ ಆಂಧ್ರದಲ್ಲಿ ಈ ಆತಂಕ ಕಾನೂನಿಗೇ ತಟ್ಟಿದೆ: ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಅಲ್ಲಿನ ವಿಧಾನಸಭೆ 2024ರ ನವೆಂಬರಿನಲ್ಲಿ ತೆಗೆದುಹಾಕಿತು. ರಾಜ್ಯದ ಒಳಗೂ ಇದೇ ಪ್ರಶ್ನೆ ಇದೆ. ಬೆಂಗಳೂರು ಬೆಳೆದು ಒಣತಾಲ್ಲೂಕುಗಳು ನಿಂತಲ್ಲೇ ನಿಂತರೆ, ಮುಂದಿನ ಕ್ಷೇತ್ರ ವಿಂಗಡಣೆಯಲ್ಲಿ ಈ ಸೀಮೆಯ ದನಿ ಕುಗ್ಗುವ ಸಾಧ್ಯತೆ ಇದೆ.

ಮುಂದಿನ ದಾರಿಗಳು

ಮೂರು ಸಂಗತಿಗಳು ಈ ಸೀಮೆಯ ನಾಳೆಯನ್ನು ತಿದ್ದಬಲ್ಲವು. ಮೊದಲನೆಯದು ನೀರು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ತುಂಬಿದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗವೂ ಸೇರಿ ನಾಲ್ಕು ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಗುರಿ ಹೊಂದಿದೆ. ನೀರು ಹೊಲಕ್ಕೆ ನಿಜವಾಗಿ ಬಂದರೆ ಹೋದವರಲ್ಲಿ ಕೆಲವರಾದರೂ ಮರಳುತ್ತಾರೆ.

ಎರಡನೆಯದು ಚಳ್ಳಕೆರೆಯ ವಿಜ್ಞಾನ ನಗರಿ. ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲಿನ ಸಾವಿರಾರು ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಾಗ ಕೊಡಲಾಗಿದೆ. ಕುದಾಪುರದ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಿದೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಹೊರಗಿನ ಓದಿದವರು ಇಲ್ಲಿಗೆ ಬರುತ್ತಿದ್ದಾರೆ. ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಯ ಮಗ ಹೊರಗೆ ಹೋಗುತ್ತಿದ್ದಾನೆ. ಇಲ್ಲಿನ ಮಕ್ಕಳಿಗೆ ಆ ಬೇಲಿಯ ಒಳಗೆ ಕಾವಲುಗಾರನ ಕೆಲಸವಷ್ಟೇ ಅಲ್ಲ, ತಂತ್ರಜ್ಞನ ಕೆಲಸವೂ ಸಿಗುವಂತೆ ಓದಿಸುವುದು ನ್ಯಾಯ.

ಮೂರನೆಯದು ಆರೈಕೆ. ಅಂಗನವಾಡಿ ಮಕ್ಕಳಿಗೆ ಇರುವಂತೆ ವೃದ್ಧರಿಗೆ ಹಗಲು ಆಸರೆಯ ಮನೆ, ಮಧ್ಯಾಹ್ನದ ಊಟ, ವಾರಕ್ಕೊಮ್ಮೆ ಮನೆಬಾಗಿಲಿಗೆ ಬರುವ ನರ್ಸು, ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿ ಶಾಲೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಬೇಕು. ಈ ಕೆಲಸಗಳನ್ನು ಊರಿನ ಹೆಣ್ಣುಮಕ್ಕಳಿಗೆ ಸರಿಯಾದ ಸಂಬಳಕ್ಕೆ ಕೊಟ್ಟರೆ ಆರೈಕೆಯೇ ಇಲ್ಲಿ ಉಳಿಯಲು ಒಂದು ಕಾರಣವಾಗುತ್ತದೆ.

2021ರಲ್ಲಿ ಆಗಬೇಕಿದ್ದ ಜನಗಣತಿಯನ್ನು 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟು ನಡೆಸಲು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಹಳ್ಳಿಯ ಮನೆಗೆ ಬೀಗ ಹಾಕಿ ಬೆಂಗಳೂರಿನ ಶೆಡ್ಡಿನಲ್ಲಿರುವ ಕುಟುಂಬ ಎರಡೂ ಕಡೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಆ ಗಣತಿಯ ಮೊದಲ ಹೊಣೆ. ಅಂಕಿ ಕೈಗೆ ಬಂದಾಗ ಎರಡೂ ತಾಲ್ಲೂಕುಗಳ ಆಡಳಿತ ಒಟ್ಟು ಜನಸಂಖ್ಯೆಯ ಸಾಲನ್ನು ನೋಡಿ ಪುಟ ಮಡಿಸಬಾರದು. ಪ್ರತಿ ಹಳ್ಳಿಯಲ್ಲಿ ಆರು ವರ್ಷದೊಳಗಿನವರು ಎಷ್ಟು, ಅರವತ್ತು ದಾಟಿದವರು ಎಷ್ಟು, ಒಂಟಿಯಾಗಿರುವ ಹೆಂಗಸರು ಎಷ್ಟು, ದುಡಿಯುವ ವಯಸ್ಸಿನವರಲ್ಲಿ ಊರಲ್ಲಿ ಉಳಿದವರು ಎಷ್ಟು ಎಂಬುದನ್ನು ಮುಂದಿಟ್ಟುಕೊಂಡು ಮುಂದಿನ ಹತ್ತು ವರ್ಷದ ಶಾಲೆ, ಆಸ್ಪತ್ರೆ, ನೀರು, ಕೂಲಿಯ ಯೋಜನೆ ಬರೆಯಬೇಕು. ಮಳೆಯ ಕೊರತೆಗೆ ಈ ಸೀಮೆ ನೂರಾರು ವರ್ಷಗಳಿಂದ ಉಪಾಯ ಕಂಡುಕೊಂಡು ಬಂದಿದೆ. ಜನರ ಕೊರತೆ ಅದಕ್ಕೆ ಹೊಸದು. ಅದಕ್ಕೆ ಉಪಾಯ ಕಂಡುಕೊಳ್ಳಲು ಇರುವ ಕಾಲ, ಈಗ ಹರೆಯದಲ್ಲಿರುವ ತಲೆಮಾರು ಅರವತ್ತು ಮುಟ್ಟುವವರೆಗೆ ಮಾತ್ರ.